ಪಂಚಮಿಯ ದಿನ ಉಪವಾಸ

ಬೆಳಗಾಗುತ್ತಲೇ ಹುಬ್ಬಳ್ಳಿಯ ಜನ ಎದ್ದು, ಬಾಗಿಲ ಚೌಕಟ್ಟಿಗೆ ಕೂಡಿಸಿದ ಅಂಗೈಯಗಲದ ಗಾಜಿನ ಮೇಲೆ ಒಬ್ಬೊಬ್ಬರಾಗಿ ಉಸಿರು ಬಿಡುತ್ತಿದ್ದರು. ಗಾಜು ಮಬ್ಬಾಗಿ ಮತ್ತೆ ತಿಳಿಯಾಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಚಾಲಕನಿಲ್ಲದ ಬುತ್ತಿಬಂಡಿಗಳು ಓಣಿಗಳಿಗೆ ಬಂದು, ಹಸಿದವರಿರುವ ಮನೆಗಳ ಮುಂದೆ ಮಾತ್ರ ನಿಂತು, ನೆತ್ತಿಯ ಕೆಂಪು ದೀಪ ಮಿನುಗಿಸಿ, ಬಿಸಿ ಊಟದ ಡಬ್ಬಿ ಇಳಿಸಿ ಮುಂದೆ ಹೋಗುತ್ತಿದ್ದವು.

ಅದು ಈ ಶತಮಾನದ ನಡುವಿನಲ್ಲಿ ಒಣಜ್ವರ ಹಬ್ಬಿದ ವರ್ಷ. ಸೋಂಕು ಗಾಳಿಯಲ್ಲೇ ಹರಡುತ್ತಿದ್ದುದರಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು, ದುಡಿಮೆ ನಿಂತಿತ್ತು. ಹಿಂದಿನ ಸಾಂಕ್ರಾಮಿಕಗಳಲ್ಲಿ ಗಲಾಟೆ ಮಾಡಿದವರಿಗೆ ಎರಡೆರಡು ಚೀಲ ದಿನಸಿ ಸಿಕ್ಕಿ, ಬಾಯಿಲ್ಲದವರಿಗೆ ಏನೂ ಸಿಕ್ಕಿರಲಿಲ್ಲ. ಹಾಗಾಗಬಾರದೆಂದೇ ಡಾ. ಇಂದುಮತಿ ಅಬ್ಬಿಗೇರಿ ಈ ಉಸಿರುಗನ್ನಡಿಯನ್ನು ಮಾಡಿದ್ದಳು. ಹೊಟ್ಟೆಗೆ ಊಟ ಬೀಳದಿದ್ದಾಗ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಆಗ ಅಸಿಟೋನ್ ಎಂಬ ಅನಿಲ ಉಸಿರಿನಲ್ಲಿ ಹೆಚ್ಚುತ್ತದೆ. ಕನ್ನಡಿ ಅದನ್ನು ಅಳೆಯುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಉಸಿರು ಹೇಳುವುದಿಲ್ಲ ಎಂದು ಇಂದುಮತಿ ಸಭೆಗಳಲ್ಲಿ ಬೀಗುತ್ತಿದ್ದಳು. ಬೀಗಲಿ ಬಿಡಿ, ಅಷ್ಟು ದೊಡ್ಡ ಕೆಲಸವನ್ನೇ ಮಾಡಿದ್ದಳು.

ಒಂದೇ ತೊಡಕು. ಸೋಮವಾರ ಒಪ್ಪತ್ತು ಮಾಡುವವರ, ರೋಜಾ ಹಿಡಿದವರ ಮನೆಗೂ ಬಂಡಿ ಓಡಿ ಊಟ ಹಾಳಾಗುತ್ತಿತ್ತು. ಅದಕ್ಕೆ ಕನ್ನಡಿಯ ಕೆಳಗೆ ‘ಉಪವಾಸ’ ಎಂಬ ನೀಲಿ ಗುಂಡಿಯೊಂದನ್ನು ಸೇರಿಸಿದಳು. ಅದನ್ನು ಒತ್ತಿದರೆ ಬಂಡಿ ಬರುವುದಿಲ್ಲ. ಊಟ ಹಂಚುವ ಕೇಂದ್ರದ ನಕಾಶೆಯಲ್ಲಿ ಆ ಮನೆ ನೀಲಿಯಾಗಿ ಕಾಣುತ್ತದೆ.

ಶ್ರಾವಣ ಬಂತು. ನಕಾಶೆಯಲ್ಲಿ ನೀಲಿ ಚುಕ್ಕೆಗಳು ಹೆಚ್ಚಿದವು. ಊಟ ಹಂಚಿಕೆಯ ಅಧಿಕಾರಿ ಸಂಕನಗೌಡರಿಗೆ ಇದರಿಂದ ಸಂತೋಷವೇ ಆಯಿತು.

“ಶ್ರಾವಣ ಅಲ್ರೀ ಮೇಡಂ, ಹೆಣ್ಮಕ್ಕಳು ಉಪವಾಸ ಮಾಡೂದೇನು ಹೊಸಾದಾ? ಅಷ್ಟು ಊಟ ಉಳೀತು.”

ಇಂದುಮತಿಯೂ ತಲೆಯಾಡಿಸಿದಳು. ಆದರೆ ನಾಗರಪಂಚಮಿಯ ಬೆಳಿಗ್ಗೆ ನಕಾಶೆ ನೋಡಿದವಳು ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ಹಳೇ ಹುಬ್ಬಳ್ಳಿಯ ಒಂದು ಓಣಿ ಪೂರ್ತಿ ನೀಲಿಯಾಗಿತ್ತು.

“ಗೌಡ್ರ, ಉಪವಾಸ ನಿನ್ನೆ ನಾಗಚೌತಿಗೇ ಮುಗೀತು. ಇವತ್ತು ಪಂಚಮಿ. ಉಂಡಿ ತಿನ್ನೂ ದಿನ ಯಾರು ಉಪವಾಸ ಮಾಡ್ತಾರ್ರೀ?”

ಇಂದುಮತಿ ಸೋಂಕು ತಡೆಯುವ ಅಂಗಿ ತೊಟ್ಟು, ಎರಡು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ಓಣಿಯ ಮೊದಲ ನೀಲಿ ಮನೆಗೆ ‘ಬಸಲಿಂಗವ್ವನ ಖಾನಾವಳಿ’ ಎಂಬ ಫಲಕ ಇನ್ನೂ ತೂಗುತ್ತಿತ್ತು. ಜಾಳಿಗೆ ಬಾಗಿಲ ಆಚೆ ಬಸಲಿಂಗವ್ವ ಸೆಟೆದು ಕೂತಿದ್ದಳು. ಅವಳ ಹಿಂದೆ ಏಳು ತಿಂಗಳ ಬಸುರಿ ಸೊಸೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

“ಅವ್ವಾ, ಇವತ್ತು ಯಾವ ಉಪವಾಸ?” ಎಂದಳು ಇಂದುಮತಿ.

“ನಮ್ಮ ಮನಿ ಪದ್ಧತಿರಿ,” ಎಂದು ಮುದುಕಿ ಮುಖ ತಿರುಗಿಸಿದಳು.

“ನಿಮ್ಮ ಸೊಸೀದೂ ಪದ್ಧತೀನಾ? ಹೊಟ್ಟ್ಯಾಗಿನ ಕೂಸಿಂದು?”

ಬಸಲಿಂಗವ್ವನಿಗೆ ಸಿಟ್ಟು ನೆತ್ತಿಗೇರಿತು.

“ಓಣಿಗೆಲ್ಲಾ ಉಣ್ಣಾಕ ಹಾಕಿದ ಬಾಗಲಾ ಇದು, ಡಾಕ್ಟರ ಬಾಯಾರ. ಈ ಬಾಗಲ ಮುಂದ ನಿಮ್ಮ ಬಂಡಿ ಕೆಂಪ ದೀಪಾ ಹಚ್ಚಿಕೊಂಡು ನಿಂತ್ರ ಮಂದಿ ಕಿಟಕ್ಯಾಗ ನಿಂತು ನೋಡತಾರ. ಒಂದ ದಿನ ನಿಂತಿತ್ತ, ಸಾಕಾತು. ಅವತ್ತಿಂದ ಗುಂಡಿ ಒತ್ತಾಕತ್ತೇನಿ. ಇದ್ದ ಹಿಟ್ಟಿಲೆ ರೊಟ್ಟಿ ಬಡದು ಆಕೀಗೇ ಹಾಕೇನಿ. ನಿನ್ನೆ ಅದೂ ತೀರತ್ರಿ.” ಅವಳು ಪಕ್ಕದ ಮನೆಯ ಗೋಡೆಯತ್ತ ಕೈ ತೋರಿಸಿದಳು. “ಬಾಜೂ ಮನ್ಯಾವ್ರೂ ಹಂಗ ಮಾಡಾಕತ್ತಾರ.”

ಆ ದೀಪವನ್ನು ಇಟ್ಟವಳು ಇಂದುಮತಿಯೇ. ಬಂಡಿ ಬಂದದ್ದು ಯಾರ ಕಣ್ಣಿಗೂ ತಪ್ಪಬಾರದೆಂದು ಇಟ್ಟಿದ್ದಳು, ಹಾಗೆಯೇ ಆಗಿತ್ತು. ಅವಳಿಗೆ ನಾಚಿಕೆಯಾಯಿತು. ಡಬ್ಬಿಗಳನ್ನು ಚೀಲದಿಂದ ತೆಗೆದು, ಜಾಳಿಗೆ ಬಾಗಿಲು ಸರಿಸಿ ಹೊಸ್ತಿಲ ಒಳಗಿಟ್ಟಳು. ಸೊಸೆ ಮೊದಲ ತುತ್ತು ನುಂಗುವವರೆಗೂ ಅಲ್ಲಿಂದ ಕದಲಲಿಲ್ಲ.

ಕೇಂದ್ರಕ್ಕೆ ಮರಳಿದವಳೇ, “ದೀಪ ಎಲ್ಲಾ ಬಿಚ್ಚಿಸ್ರಿ. ನಾಳೆಯಿಂದ ಬಂಡಿ ಎಲ್ಲಾರ ಮನಿ ಮುಂದೂ ನಿಲ್ಲಬೇಕು,” ಎಂದಳು.

ಗೌಡರು ಹೌಹಾರಿದರು. “ಉಂಡು ಕೂತವ್ರಿಗೂ ಊಟಾನಾ? ಎಲ್ಲಿಂದ ತರೂದ್ರೀ?”

“ಡಬ್ಬಿ ಎಲ್ಲಾರಿಗೂ ಒಂದ ನಮೂನಿ. ಒಳಗ ಏನಿರಬೇಕು ಅನ್ನೂದನ್ನ ಕನ್ನಡಿ ಹೇಳ್ತೈತಿ. ಹಸಿದವ್ರಿಗೆ ಊಟ, ಉಂಡವ್ರಿಗೆ ಒಂದು ಹಿಡಿ ಚುರಮುರಿ. ಯಾರ ಡಬ್ಬ್ಯಾಗ ಏನೈತಿ ಅಂತ ಓಣಿಗೆ ಯಾಕ ಗೊತ್ತಾಗಬೇಕು?”

ಗೌಡರು ನಿಯಮ ಹೇಳಿದರು, ಮೇಲಿನವರ ಹೆಸರು ಹೇಳಿದರು. ಇಂದುಮತಿ ಜಗ್ಗಲಿಲ್ಲ. ಅವತ್ತು ಸಂಜೆಯೇ ತಾನೇ ನಟ್ಟು ಬಿಚ್ಚುವ ಪಾನಾ ಹಿಡಿದು ಮೊದಲ ದೀಪ ಬಿಚ್ಚಿದಳು. ಶ್ರಾವಣ ಮುಗಿಯುವ ಮೊದಲೇ ನಕಾಶೆಯ ನೀಲಿ ಬಹಳಷ್ಟು ಇಳಿಯಿತು. ಉಳಿದವರು ದೇವರಿಗಾಗಿ ಉಪವಾಸ ಇದ್ದವರು. ಬಸಲಿಂಗವ್ವನ ಸೊಸೆ ದಸರೆಗೆ ಹೆಣ್ಣು ಹೆತ್ತಳು. ಮುದುಕಿಯಿಂದ ಕೇಂದ್ರಕ್ಕೆ ಬಂದದ್ದು ಒಂದೇ ದೂರು, ಪಲ್ಯಕ್ಕೆ ಉಪ್ಪು ಸಾಲದೆಂದು.

ಉಸಿರುಗನ್ನಡಿಗೆ ಮುಂದೆ ದೊಡ್ಡ ದೊಡ್ಡ ಪ್ರಶಸ್ತಿಗಳು ಬಂದವು. ದೀಪ ಬಿಚ್ಚಿದ್ದಕ್ಕೆ ಯಾರೂ ಹಾರ ಹಾಕಲಿಲ್ಲ.

ಅಂಥ ಕನ್ನಡಿ ನಮ್ಮ ಬಾಗಿಲುಗಳಿಗೆ ಬರಲು ಇನ್ನೂ ಬಹಳ ವರ್ಷ ಬೇಕು. ಒಲೆ ಹೊತ್ತಿಸದೆ, ‘ಇವತ್ತು ನಂದು ಉಪವಾಸ’ ಎಂದು ನಕ್ಕು ಬಾಗಿಲು ಮುಂದಕ್ಕೆ ಎಳೆದುಕೊಳ್ಳುವವರು ಮಾತ್ರ ಪಕ್ಕದ ಮನೆಯಲ್ಲಿ ಈಗಲೇ ಇದ್ದಾರೆ.