ಜಾರಿದ್ದು ಯಾರ ಕಾಲು?

"ಸತ್ಯ ಹೇಳು ಹರ್ಷಿ, ನೀನು ಕೈ ಬಿಟ್ಟದ್ದಾ?" ಅಮ್ಮ ಕೇಳಿದರು.

"ಇಲ್ಲಮ್ಮ! ಗಟ್ಟಿ ಹಿಡ್ಕೊಂಡಿದ್ದೆ," ಎಂದಳು ಹರ್ಷಿಣಿ.

ಪಪ್ಪ ಜಗಲಿಯಲ್ಲಿ ಕುಳಿತಿದ್ದರು. ಎಡಗೈಗೆ ದಪ್ಪ ಪ್ಲಾಸ್ಟರ್. ಮಳೆ ಶುರುವಾಗುವ ಮೊದಲು ಅಡುಗೆಮನೆಯ ಮಾಡಿಗೆ ಟರ್ಪಾಲು ಕಟ್ಟಬೇಕೆಂದು ನಿನ್ನೆ ಏಣಿ ಹತ್ತಿದ್ದರು. ಕೆಳಗೆ ಹಿಡಿದುಕೊಂಡವಳು ಐದನೇ ಕ್ಲಾಸಿನ ಹರ್ಷಿಣಿ. ಏಣಿ ವಾಲಿತು, ಪಪ್ಪ ಧೊಪ್ಪನೆ ಬಿದ್ದರು.

"ಅವಳನ್ನು ಯಾಕೆ ಕೇಳ್ತಿ? ನನ್ನ ಕಾಲು ಜಾರಿದ್ದು," ಎಂದರು ಪಪ್ಪ.

ಹರ್ಷಿಣಿಗೆ ತಲೆಬುಡ ಅರ್ಥವಾಗಲಿಲ್ಲ. ಪಪ್ಪನ ಕಾಲು ಜಾರುವುದೇ? ಕಾಪುವಿನ ಕಡಲಲ್ಲಿ ಬೋಟು ಎಷ್ಟು ತೂಗಿದರೂ ನಿಂತು ಬಲೆ ಎಳೆಯುವ ಕಾಲು ಅದು! ನಿನ್ನೆ ಅಮ್ಮ "ಏಣಿ ಸರಿ ನಿಂತಿದೆಯಾ ನೋಡಿ" ಎಂದಾಗ, "ಬೋಟಲ್ಲಿ ನಿಲ್ಲುವವನಿಗೆ ಏಣಿ ಎಂತದು ಮಾರಾಯ್ತಿ" ಎಂದು ನಕ್ಕವರೂ ಇವರೇ.

ಸ್ವಲ್ಪ ಹೊತ್ತಿನ ಮೇಲೆ ಪಪ್ಪ ಅಮ್ಮನಿಗೆ ಮೆಲ್ಲ ಹೇಳಿದ್ದು ಕೇಳಿಸಿತು. "ಸಣ್ಣ ಕೈ ಅಲ್ವಾ, ಬಿಟ್ಟಿರಬೇಕು. ಬೈಬೇಡ, ಪಾಪ."

ಹರ್ಷಿಣಿಗೆ ಅಳುವೇ ಬಂತು. ಬೈದಿದ್ದರೂ ಇಷ್ಟು ಬೇಸರ ಆಗುತ್ತಿರಲಿಲ್ಲ. ತಾನು ಬಿಟ್ಟಿರಲಿಲ್ಲ. ಅಥವಾ ಗೊತ್ತಾಗದೆ ಬಿಟ್ಟೆನೋ? ಅಂಗೈ ನೋಡಿಕೊಂಡಳು. ಏಣಿ ಗೀರಿದ ಕೆಂಪು ಗೆರೆ ಇನ್ನೂ ಇತ್ತು. ಬಿಟ್ಟಿದ್ದರೆ ಗೆರೆ ಎಲ್ಲಿಂದ ಬಂತು?

ಅವಳು ಹಿತ್ತಿಲಿಗೆ ಓಡಿದಳು. ಏಣಿ ಬಿದ್ದಲ್ಲೇ ಬಿದ್ದಿತ್ತು. ನಿನ್ನೆ ಅದರ ಒಂದು ಕಾಲು ಸಿಮೆಂಟಿನ ಅಂಚಿನ ಮೇಲಿತ್ತು, ಇನ್ನೊಂದು ಪಕ್ಕದ ಮರಳಿನಲ್ಲಿ. ಆ ಮರಳಲ್ಲಿ ಈಗ ಒಂದು ತೂತು. ಹರ್ಷಿಣಿ ಕೈ ಹಾಕಿದಳು. ಮಣಿಕಟ್ಟಿನವರೆಗೂ ಇಳಿಯಿತು.

"ಪಪ್ಪಾ, ಇಲ್ಲಿ ಬನ್ನಿ!"

ಪಪ್ಪ ಬಂದು ನೋಡಿದರು. ಬಗ್ಗಿ, ತಮ್ಮ ಸರಿಯಿದ್ದ ಕೈಯನ್ನೂ ಅದರೊಳಗೆ ಇಳಿಸಿದರು. ಹರ್ಷಿಣಿಯ ಅಂಗೈಯ ಕೆಂಪು ಗೆರೆಯನ್ನೂ ನೋಡಿದರು. ಆಮೇಲೆ, "ಹಳೇ ದೋಣಿಯ ಹಲಗೆ ಉಂಟಲ್ಲ, ಅದನ್ನು ತಾ," ಎಂದರು.

ಸಿಮೆಂಟಿನಿಂದ ದೂರ, ಮರಳನ್ನು ಕೆರೆದು ಸಮ ಮಾಡಿ ಇಬ್ಬರೂ ತುಳಿದರು. ಅದರ ಮೇಲೆ ಅಗಲದ ಹಲಗೆ. ಏಣಿಯ ಕಾಲು ಹಿಂದಕ್ಕೆ ಜಾರದಂತೆ ಅಮ್ಮನೂ ಬಂದು ಹಲಗೆಗೆ ಒಂದು ಮರದ ಪಟ್ಟಿ ಹೊಡೆದರು. ಏಣಿ ನಿಲ್ಲಿಸಿ, ಮೊದಲ ಮೆಟ್ಟಿಲ ಮೇಲೆ ನಿಂತು ಎರಡು ಸಲ ಕುಲುಕಿದರು. ಅದು ಕದಲಲಿಲ್ಲ.

"ನಾನು ಹತ್ತುತ್ತೇನೆ," ಎಂದರು ಅಮ್ಮ.

"ಹರ್ಷಿ, ಹಿಡ್ಕೊ," ಎಂದರು ಪಪ್ಪ.

"ನಾನಾ?"

"ಮತ್ತೆ ಯಾರು?"

ಅಷ್ಟರಲ್ಲಿ ಪಕ್ಕದ ಮನೆಯ ಇಮೆಲ್ಡಾ ಆಂಟಿ ಕಾಂಪೌಂಡಿನಾಚೆಯಿಂದ ಇಣುಕಿದರು. "ವಾಸಣ್ಣ, ಕಾಲು ಜಾರಿ ಬಿದ್ದದ್ದಂತೆ, ಹೌದಾ?"

ಹರ್ಷಿಣಿ ಪಪ್ಪನನ್ನೇ ನೋಡಿದಳು.

"ಹೌದು. ಆದರೆ ನನ್ನ ಕಾಲಲ್ಲ, ಏಣಿಯ ಕಾಲು," ಎಂದರು ಪಪ್ಪ. "ನಾನು ಇಟ್ಟದ್ದೇ ಸರಿ ಇರಲಿಲ್ಲ. ಇವಳು ಕೊನೆಯವರೆಗೂ ಹಿಡ್ಕೊಂಡೇ ಇದ್ದಳು."

ಮೇಲೆ ಅಮ್ಮ ಟರ್ಪಾಲಿನ ಹಗ್ಗಕ್ಕೆ ಕೊನೆಯ ಗಂಟು ಹಾಕುತ್ತಿದ್ದರು. ಹರ್ಷಿಣಿಯ ಅಂಗೈ ಉರಿಯುತ್ತಿತ್ತು. ಆದರೂ ಅಮ್ಮ ಇಳಿದು ನೆಲ ಮೆಟ್ಟಿದ ಮೇಲೂ ಅವಳು ಏಣಿ ಬಿಡಲಿಲ್ಲ.