ಬಾಗಿಲ ಪಕ್ಕದ ಬೆಚ್ಚಗಿನ ಸೀಟು

"ಯಾರೂ ಇಲ್ವಲ್ಲ! ಯಾಕೆ ನಿಲ್ಲಿಸಿದ್ರಿ?"

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಅವಳ ಕೆಲಸವೇ ಅಂಥದ್ದು. ಊರಿನ ಬಸ್ಸುಗಳಲ್ಲಿ ಸಾಮಾನ್ಯ ಪ್ರಯಾಣಿಕಳ ಹಾಗೆ ಕೂತು, ಸೀಟು ಮೆತ್ತಗಿದೆಯೋ, ಬ್ರೇಕ್ ಹಾಕಿದರೆ ಜನ ಮುಗ್ಗರಿಸುತ್ತಾರೋ ಎಂದು ಗುಟ್ಟಾಗಿ ನೋಡಿ ಅಂಕ ಕೊಡಬೇಕು. ಡ್ರೈವರ್ ಜೊತೆ ಮಾತು ಕೂಡದು. ಈ ಬಸ್ಸಿನಲ್ಲಿ ಮೊದಲ ದಿನವೇ ನಿಯಮ ಮುರಿದಾಗಿತ್ತು!

ಬೆಳಗಿನ ಏಳೂ ಇಪ್ಪತ್ತು. ಒಳ್ಳೆಯ ಬಿಸಿಲು. ನಿಲ್ದಾಣದಲ್ಲಿ ನರಪಿಳ್ಳೆಯೂ ಇಲ್ಲ. ಆದರೂ ಬಾಗಿಲು ತೆರೆದಿತ್ತು. ವಯಸ್ಸಾದವರು ಹತ್ತಲಿ ಎಂದು ಬಗ್ಗಿಸುತ್ತಾರಲ್ಲ, ಹಾಗೆ ಬಸ್ಸು ಉಸ್ಸೆಂದು ಬಾಗಿಲ ಕಡೆಗೆ ವಾಲಿತ್ತು.

ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ. ಮೂವತ್ತರ ಆಸುಪಾಸು. ನಿದ್ದೆಗೆಟ್ಟ, ಆದರೂ ಮೃದುವಾದ ಕಣ್ಣು.

"ಸ್ವಲ್ಪ ಇರಿ ಮೇಡಂ... ಕೂತ್ಕೊಳ್ಳಲಿ."

"ಯಾರು?"

ಅವನು ಬಾಗಿಲ ಕಡೆ ತಿರುಗಿದ. ಬಸ್ಸು ಇನ್ನೊಂದು ಚೂರು ವಾಲಿತು, ಯಾರೋ ಕಾಲಿಟ್ಟ ಹಾಗೆ. ಬಾಗಿಲ ಮೇಲೆ, ಹತ್ತಿದವರನ್ನು ಎಣಿಸುವ ಯಂತ್ರದಲ್ಲಿ ಹನ್ನೊಂದು ಇದ್ದದ್ದು ಹನ್ನೆರಡಾಯಿತು.

ಅವಳ ಮೈ ಜುಮ್ಮೆಂದಿತು.

ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರೂ ಸರಿ, ಅಲ್ಲಿ ಕೂರುತ್ತಿರಲಿಲ್ಲ. ಮಾರನೇ ದಿನ ಅವಳು ಧೈರ್ಯ ಮಾಡಿ ಅದರ ಮೇಲೆ ಅಂಗೈ ಇಟ್ಟಳು.

ಬೆಚ್ಚಗಿತ್ತು... ಯಾರೋ ಈಗ ತಾನೇ ಎದ್ದು ಹೋದಷ್ಟು ಬೆಚ್ಚಗೆ!

ಬೇರೆ ಯಾರಾದರೂ ಆಗಿದ್ದರೆ ಆ ಬಸ್ಸಿನ ಸಹವಾಸವೇ ಬೇಡ ಎಂದು ಕೈ ಮುಗಿಯುತ್ತಿದ್ದರು. ಇವಳು ಮಾತ್ರ ದಿನಾ ಅದನ್ನೇ ಹತ್ತಿದಳು. ಯಾಕೆ ಅಂತೀರಾ? ಇವಳು ಬರೆಯುವುದು ಕಂಡರೆ ಅವನು ಉಬ್ಬುಗಳನ್ನು ಎಷ್ಟು ಮೆಲ್ಲಗೆ ದಾಟಿಸುತ್ತಿದ್ದ ಎಂದರೆ, ಪೆನ್ನು ಒಂದು ಸಲವೂ ಜಾರುತ್ತಿರಲಿಲ್ಲ. ಹತ್ತಿದವರೆಲ್ಲ ಕೂತ ಮೇಲೆಯೇ ಬಸ್ಸು ಹೊರಡುತ್ತಿತ್ತು. ಇಳಿಯುವಾಗ ಒಂದು ಸಣ್ಣ ನಗು.

"ಅಕ್ಕಾ, ನೀನು ಅಂಕ ಕೊಡ್ತಿರೋದು ಬಸ್ಸಿಗೋ, ಡ್ರೈವರ್‌ಗೋ?" ಎಂದು ತಂಗಿ ಕಾಲೆಳೆದಳು.

"ತಲೆಹರಟೆ! ಸುಮ್ನಿರು," ಎಂದಳು. ಕೆನ್ನೆ ಕೆಂಪಾಗಿತ್ತು.

ವಾರ ಮುಗಿದಾಗ ವರದಿ ಕೊಡಬೇಕಾಯಿತು. ಕಣ್ಣಿಗೆ ಕಂಡದ್ದನ್ನೇ ಬರೆಯಬೇಕೆಂಬುದು ಅವಳ ಕೆಲಸದ ನಿಯಮ. ಬಸ್ಸಿನ ಬಗ್ಗೆ ವರದಿಯಲ್ಲಿದ್ದ ಎಲ್ಲ ಸಾಲಿಗೂ ಪೂರ್ತಿ ಅಂಕ ಕೊಟ್ಟಳು. ಆ ನಿಲ್ದಾಣದ ಮುಂದೆ ಮಾತ್ರ ಬರೆದಳು: 'ಹತ್ತಿದವರು: ಸೊನ್ನೆ. ಎಣಿಕೆ ಯಂತ್ರ ಕೆಟ್ಟಿದೆ.' ಯಂತ್ರ ರಿಪೇರಿಯಾಗುತ್ತದೆ, ಅಷ್ಟೇ ಅಂದುಕೊಂಡಳು. ಬರೆದದ್ದನ್ನು ಮರೆತೂಬಿಟ್ಟಳು.

ಮೂರು ವಾರದ ನಂತರ ಸ್ಟೇರಿಂಗ್ ಮುಂದೆ ಹೊಸ ಮುಖ!

"ಹಳೇ ಡ್ರೈವರ್ ಎಲ್ಲಿ?"

"ಖಾಲಿ ಸ್ಟಾಪಲ್ಲಿ ದಿನಾ ಬಸ್ ನಿಲ್ಲಿಸ್ತಿದ್ನಂತೆ. ಯಾರೋ ಬರೆದು ಹಾಕಿದ್ರು. ಅವನನ್ನ ಡಿಪೋದಲ್ಲಿ ಬಸ್ ತೊಳೆಯೋಕೆ ಹಾಕಿದ್ದಾರೆ. ಆ ಸ್ಟಾಪನ್ನೂ ತೆಗೆದುಬಿಟ್ರು."

ಅವಳಿಗೆ ತನ್ನ ವರದಿ ನೆನಪಾಯಿತು. 'ಯಾರೋ ಅಲ್ಲ... ನಾನೇ!'

ಏಳೂ ಇಪ್ಪತ್ತಕ್ಕೆ ಬಸ್ಸು ಆ ನಿಲ್ದಾಣವನ್ನು ದಾಟಿ ಓಡಿತು.

ಟಿಂಗ್!

ನಿಲ್ಲಿಸಿ ಎನ್ನುವ ಗಂಟೆ. ಯಾರೂ ಗುಂಡಿ ಒತ್ತಿರಲಿಲ್ಲ.

ಟಿಂಗ್... ಟಿಂಗ್... ಟಿಂಗ್...

ಪ್ರಯಾಣಿಕರು ಮುಖ ಮುಖ ನೋಡಿಕೊಂಡರು. ಹೊರಗೆ ಬಿಸಿಲಿದ್ದರೂ ಒಳಗೆ ಎಲ್ಲರೂ ಮೈ ಮುದುಡಿಕೊಂಡಿದ್ದರು. ಅವಳು ಆ ಸೀಟು ಮುಟ್ಟಿದಳು. ಹೆಣ ಮುಟ್ಟಿದಷ್ಟು ತಣ್ಣಗಿತ್ತು.

ಅವಳು ಮುಂದಿನ ನಿಲ್ದಾಣದಲ್ಲೇ ಇಳಿದು ಡಿಪೋಗೆ ಓಡಿದಳು.

ಅವನು ಪೈಪು ಹಿಡಿದು ಬಸ್ಸಿನ ಚಕ್ರ ತೊಳೆಯುತ್ತಿದ್ದ.

"ಬನ್ನಿ, ಅಂಕ ಕೊಡೋ ಮೇಡಂ," ಎಂದ, ಅವಳನ್ನು ಕಂಡು ಮುಖ ತಿರುಗಿಸಿಕೊಂಡು. "ವರದಿ ಬರೆದದ್ದು ನೀವೇ ಅಂತ ಇಲ್ಲಿ ಹೇಳಿದ್ರು. ದಿನಾ ನನ್ನ ಬಸ್ಸೇ ಹತ್ತುತ್ತಿದ್ದದ್ದು ಇದಕ್ಕಾ? ನಾನೊಬ್ಬ ಪೆದ್ದ... ಬೇರೆ ಏನೋ ಅಂದ್ಕೊಂಡಿದ್ದೆ."

"ನನ್ನ ಕೆಲಸ ಒಂದೇ ವಾರದ್ದು ರೀ! ಆಮೇಲಿನ ಮೂರು ವಾರ ನಾನು ಬಂದದ್ದು ಅಂಕ ಕೊಡೋಕಲ್ಲ!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮನ್ನ ನೋಡೋಕೆ..."

ಪೈಪು ಅವನ ಕೈಯಿಂದ ಜಾರಿ, ಇಬ್ಬರ ಚಪ್ಪಲಿಯೂ ಒದ್ದೆಯಾಯಿತು. ಇಬ್ಬರೂ ಸರಿಯಲಿಲ್ಲ.

"ಹೇಳಿ. ಆ ಸ್ಟಾಪಲ್ಲಿ ಯಾರು ಹತ್ತುತ್ತಾರೆ?"

ಅವನು ನಲ್ಲಿ ನಿಲ್ಲಿಸಿ ಬಂದ.

"ಒಬ್ಬರು ಅಜ್ಜಿ. ಕೋಲು ಊರ್ಕೊಂಡು ದಿನಾ ಬರ್ತಿದ್ರು. ಮೊದಲ ಸೀಟು ಅವರದ್ದೇ. 'ನಾನು ಕೂತ್ಮೇಲೆ ಹೊರಡಪ್ಪ' ಅನ್ನೋರು. ಒಂದಿನ ನನಗೆ ಎರಡು ನಿಮಿಷ ತಡವಾಗಿತ್ತು. ಅಜ್ಜಿ ಕೈ ಎತ್ತಿದ್ದು ಕಂಡಿತು... ಆದ್ರೂ ನಿಲ್ಲಿಸ್ಲಿಲ್ಲ. ಮಾರನೇ ದಿನ ಬರ್ಲಿಲ್ಲ. ಮನೆ ಹುಡುಕ್ಕೊಂಡು ಹೋದೆ."

"ತೀರ್ಕೊಂಡಿದ್ರಾ?"

"ಹ್ಞೂಂ... ಆದ್ರೆ ಮೇಡಂ, ಅವರು ಹೋಗಿದ್ದು ನಾನು ಬಿಟ್ಟು ಬಂದ ದಿನ ಅಲ್ಲ. ಅದರ ಹಿಂದಿನ ರಾತ್ರಿ."

ಬಿಸಿಲಲ್ಲೂ ಅವಳ ಬೆನ್ನು ತಣ್ಣಗಾಯಿತು. ಹಾಗಾದರೆ ಆ ಬೆಳಗ್ಗೆ ಕೈ ಎತ್ತಿದವರು...

"ಈಗ ನನಗೆ ಯಾರೂ ಕಾಣ್ಸಲ್ಲ," ಎಂದ. "ಆದ್ರೆ ಇನ್ನೊಂದು ಸಲ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ."

ಅವಳು ನೇರವಾಗಿ ತನ್ನ ಮೇಲಧಿಕಾರಿಯ ಕೋಣೆಗೆ ಹೋಗಿ ಆ ವರದಿಯನ್ನು ಮತ್ತೆ ತೆಗೆಸಿದಳು.

"ಯಂತ್ರ ಮಾಡಿದ ಕಂಪನಿಯವರು ನಿನ್ನೆ ಬಂದು ನೋಡಿದ್ರಮ್ಮ," ಎಂದು ಅವರು ಕನ್ನಡಕ ಸರಿ ಮಾಡಿಕೊಂಡರು. "ಏನೂ ಕೆಟ್ಟಿಲ್ವಂತೆ. ದಿನಾ ಒಬ್ಬರು ಹತ್ತಿದ್ದಾರೆ. ಹಾಗಾದ್ರೆ ತಪ್ಪು ಎಣಿಸಿದ್ದು ಯಾರು?"

ಒಂಬತ್ತು ವರ್ಷದಲ್ಲಿ ಅವಳ ವರದಿಯಲ್ಲಿ ಒಂದೂ ತಪ್ಪು ಸಿಕ್ಕಿರಲಿಲ್ಲ. ಅದೇ ಅವಳ ಹೆಮ್ಮೆ. ಈಗ ಒಪ್ಪಿದರೆ ಕಪ್ಪುಚುಕ್ಕೆ ಖಂಡಿತ.

"ನಾನೇ ಸಾರ್."

ಸೊನ್ನೆಯನ್ನು ಹೊಡೆದುಹಾಕಿ ಬರೆದಳು: 'ಹತ್ತಿದವರು: ಒಬ್ಬರು. ನಿಲ್ದಾಣ ಬೇಕೇ ಬೇಕು.' ಕೆಳಗೆ ಸಹಿ ಹಾಕಿದಳು.

ಮುಂದಿನ ಸೋಮವಾರ, ಏಳೂ ಇಪ್ಪತ್ತು. ಅದೇ ಬಸ್ಸು, ಅದೇ ಡ್ರೈವರ್. ಅವಳು ಮೊದಲ ಸಾಲಿನಲ್ಲಿ, ಆ ಸೀಟಿನ ಪಕ್ಕದಲ್ಲೇ ಕೂತಿದ್ದಳು.

ಬಾಗಿಲು ತೆರೆಯಿತು. ಬಸ್ಸು ಉಸ್ಸೆಂದು ಬಗ್ಗಿತು. ಟಕ್... ಟಕ್... ಕೋಲು ಊರಿದ ಸದ್ದು. ಈ ಸಲ ಅವಳಿಗೂ ಕೇಳಿಸಿತು. ಭಯವಾಯಿತು. ಆದರೂ ಅಂಗೈಯನ್ನು ಸೀಟಿನ ಮೇಲೆ ಇಟ್ಟಳು. ನಿಧಾನವಾಗಿ ಸೀಟು ಬೆಚ್ಚಗಾಯಿತು. ಕೈಯ ಮೇಲೆ ಯಾರೋ ಎರಡು ಸಲ ಮೆಲ್ಲಗೆ ತಟ್ಟಿದಂತಾಯಿತು.

ಕನ್ನಡಿಯಲ್ಲಿ ಅವನ ಕಣ್ಣು ತುಂಬಿತ್ತು.

"ಅಜ್ಜಿ ಕೂತ್ರಾ?"

"ಕೂತ್ರು."

"ನೀವು?"

"ನಾನೂ ಕೂತಿದ್ದೀನಿ ರೀ... ಕೊನೇ ಸ್ಟಾಪ್ ತನಕ. ನಿಧಾನಕ್ಕೆ ಹೊರಡಿ."