ಈರುಳ್ಳಿ ಇಲ್ಲದ ತಟ್ಟೆ

“ಇವನಾ? ಅಯ್ಯೋ, ಇವನ್ಯಾರೋ ನನಗೇನಮ್ಮ ಗೊತ್ತು! ಬರೋ ಹುಡುಗೀರನ್ನೆಲ್ಲ ನೋಡಿ ಹಲ್ಲು ಕಿರಿಯೋ ಪೈಕಿ. ಒಲೆ ಊದೋನಾದ್ರೂ ಆಸೆಗೇನು ಕಡಿಮೆಯಿಲ್ಲ!”

ರಂಫಾ ನಕ್ಕಳು. ಹಿಂದೆ ನಿಂತಿದ್ದ ಚಿಕ್ಕಮ್ಮಂದಿರೂ ನಕ್ಕರು. ವ್ಯಾನಿನ ಡ್ರೈವರೂ ನಕ್ಕ. ಸಿಹಿ ಅಂಗಡಿಯ ದೇಚಾ ಕೈಯಲ್ಲಿ ಬಿಸಿ ತಟ್ಟೆ ಹಿಡಿದು ನಿಂತೇ ಇದ್ದ.

ಪೆಚ್ಚಬುರಿಗೆ ಬಂದವರು ಅಲ್ಲಿ ಕೆಂಡದಲ್ಲಿ ಬೇಯಿಸುವ ಮೊಟ್ಟೆಯ ಸಿಹಿ ಮೊಕೇಂಗ್ ಒಯ್ಯದೆ ಮನೆ ಹೊಕ್ಕರೆ ನೆರೆಹೊರೆಯವರು ಮುಖ ಕೊಟ್ಟು ಮಾತಾಡುವುದಿಲ್ಲ. ಬ್ಯಾಂಕಾಕಿನ ರಂಫಾ, ಆಫೀಸಿನವರ ಜೊತೆ ಪೆಚ್ಚಬುರಿ ಸಮುದ್ರಕ್ಕೆ ಹೋಗ್ತೀನಿ ಎಂದು ಮನೆಯಲ್ಲಿ ಸುಳ್ಳು ಹೇಳಿ ದೇಚಾನನ್ನು ನೋಡಲು ಬಂದಾಗಲೆಲ್ಲ, ಆ ಸುಳ್ಳಿಗೆ ಸಾಕ್ಷಿಯಾಗಿ ಒಂದು ತಟ್ಟೆ ಒಯ್ಯುತ್ತಿದ್ದಳು. ಮೇಲೆ ಹುರಿದ ಈರುಳ್ಳಿ ಉದುರಿಸದ ತಟ್ಟೆ. ಅವಳಮ್ಮನಿಗೆ ಅದರ ವಾಸನೆ ಆಗದು.

“ಮೊಟ್ಟೆ, ತೆಂಗಿನಹಾಲು, ತಾಳೆಬೆಲ್ಲ ಎಲ್ಲ ಬೇಕು, ಈರುಳ್ಳಿ ಮಾತ್ರ ಬೇಡ ಅಂದ್ರೆ ಊರಿಗೇ ಅವಮಾನ ಕಣೇ,” ಎಂದು ಅವನು ರೇಗಿಸುತ್ತಿದ್ದ.

“ಅತ್ತೆಯನ್ನ ಒಲಿಸ್ಕೊಳ್ಳೋದು ಈಗಿಂದ್ಲೇ ಕಲಿ,” ಎಂದು ಅವಳು ಕಣ್ಣಂಚಿನಲ್ಲೇ ನಗುತ್ತಿದ್ದಳು. ಆ ಒಂದು ಮಾತಿನ ಬಲದ ಮೇಲೆ ಅವನು ತಿಂಗಳುಗಟ್ಟಲೆ ಕೆಂಡದ ಮುಂದೆ ಬೆಂದಿದ್ದ.

ಇಂದು ಆ ಅತ್ತೆಯೇ ವ್ಯಾನಿನಿಂದ ಇಳಿದಿದ್ದಳು. ಬೆಟ್ಟದ ಬುದ್ಧನಿಗೆ ಕೈಮುಗಿದು, ಬಂಧುಬಳಗವೆಲ್ಲ ಮನೆಗೊಯ್ಯುವ ಸಿಹಿ ಕೊಳ್ಳಲು ಅಂಗಡಿಗೆ ಬಂದಿತ್ತು. ಇವತ್ತು ನಮ್ಮ ವಿಷಯ ಹೇಳ್ತಾಳೆ, ಅದಕ್ಕೇ ಕರಕೊಂಡು ಬಂದಿದಾಳೆ ಎಂದುಕೊಂಡ ದೇಚಾ. ಯಾರೂ ಕೇಳುವ ಮೊದಲೇ ಅವನ ಕೈ ಮುಂದೆ ಹೋಯಿತು.

“ಇದು ನಿಮಗಮ್ಮ. ಈರುಳ್ಳಿ ಹಾಕಿಲ್ಲ.”

“ನನಗೆ ಈರುಳ್ಳಿ ಆಗಲ್ಲ ಅಂತ ಇವನಿಗೆ ಹೆಂಗೆ ಗೊತ್ತು? ರಂಫಾ, ಯಾರೇ ಇವನು?”

ಅದಕ್ಕೆ ಮಗಳು ಕೊಟ್ಟ ಉತ್ತರವೇ ಹಲ್ಲು ಕಿರಿಯೋ ಪೈಕಿ ಎಂಬ ಆ ಮಾತು.

ಅಂಗಡಿಯ ಒಡತಿ ಸಮ್ರುವಾಯಕ್ಕ ನಡುವೆ ಬಾಯಿ ಹಾಕಿದಳು. “ವಯಸ್ಸಾದ ತಾಯಂದಿರಿಗೆಲ್ಲ ನಾವು ಅದನ್ನೇ ಕೊಡೋದು. ಹೊಟ್ಟೆ ಉಬ್ಬರಿಸಬಾರ್ದು ನೋಡಿ.”

“ನನಗೇನು ವಯಸ್ಸಾಗಿದೆ?” ಎಂದು ಅಮ್ಮ ಸಿಡುಕುತ್ತ ವ್ಯಾನ್ ಹತ್ತಿದಳು. ಉಳಿದವರೂ ಹತ್ತಿದರು. ಛತ್ರಿ ಮರೆತ ನೆಪ ಮಾಡಿ ರಂಫಾ ಒಬ್ಬಳೇ ಓಡಿಬಂದಳು.

“ದೇಚಾ... ಬಾಯಿಗೆ ಬಂದಿದ್ದು ಆಡ್ಬಿಟ್ಟೆ ಕಣೋ. ಅಮ್ಮ ಹಂಗೆ ನೋಡಿದ ಕೂಡಲೇ ಎದೆ ಝಲ್ ಅಂತು.”

ಅವನು ಕೈಯಲ್ಲಿದ್ದ ಸಿಹಿ ಬದಿಗಿಟ್ಟು, ಖಾಲಿ ತಟ್ಟೆಯೊಂದರ ಬೂದಿ ಒರೆಸುತ್ತಲೇ ಇದ್ದ.

“ನೀನಂದ್ರೆ ನನಗೆ ಜೀವ. ನಿಂಗೆ ಗೊತ್ತಿಲ್ವಾ?”

ಗೊತ್ತಿತ್ತು. ಸುಡುತ್ತಿದ್ದುದೇ ಅದು. ಪ್ರೀತಿಯಿಲ್ಲದವಳು ಅಂದಿದ್ದರೆ ಉಗಿದು ಮರೆಯಬಹುದಿತ್ತು. ಇವಳು ಪ್ರೀತಿ ಇಟ್ಟುಕೊಂಡೇ ಅವನನ್ನು ನಾಲ್ಕು ಜನರ ನಗೆಗೆ ಎಸೆದಿದ್ದಳು.

ವ್ಯಾನಿನ ಹಾರ್ನ್ ಕೇಳಿತು.

“ಬಯ್ಯೋ, ಏನಾದ್ರೂ ಅನ್ನೋ. ಬರೋ ತಿಂಗಳು ಬರ್ಲಾ? ಬೇಡ್ವಾ?”

ಅವಳ ರೆಪ್ಪೆಯಂಚಿಗೆ ನೀರು ಬಂದು, ಬೀಳದೆ ನಿಂತಿತ್ತು. ಎಷ್ಟು ಚೆಂದ ಕಾಣುತ್ತಿದ್ದಳು, ಹಾಳಾದವಳು.

ಬಾಯಿ ತೆರೆದರೆ ‘ಬಾ’ ಎಂದೇ ಬರುತ್ತದೆಂದು ಅವನಿಗೆ ತಿಳಿದಿತ್ತು. ಹಲ್ಲು ಕಚ್ಚಿ, ಹಿಂಬಾಗಿಲಿನಿಂದ ಇಳಿದು ನದಿಯ ದಾರಿ ಹಿಡಿದ.

“ದೇಚಾ!”

ಈ ಸಲ ವ್ಯಾನಿನಲ್ಲಿದ್ದವರಿಗೂ ಕೇಳುವಷ್ಟು ಜೋರಾಗಿ ಕೂಗಿದಳು. ಹಾರ್ನ್ ನಿಂತುಹೋಯಿತು.

ಅವನ ಕಾಲು ನಿಲ್ಲಲಿಲ್ಲ.